ಸ್ನೋಶೂ ಕಟ್ಟಿಕೊಂಡು ಹಿಮದ ಬೆಟ್ಟ ಹತ್ತುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ನೋಶೂ ನಿಜಕ್ಕೂ ಮಾಡುವ ಕೆಲಸ ಏನು?

ಸ್ನೋಶೂ ಅಂದರೆ ಬೂಟಿನ ಅಡಿಗೆ ಕಟ್ಟಿಕೊಳ್ಳುವ ಅಗಲವಾದ ಚೌಕಟ್ಟು. ಅದರ ಕೆಲಸ ನಿಮ್ಮ ಭಾರವನ್ನು ಹರಡುವುದು, ಅಷ್ಟೇ. ಬರೀ ಬೂಟಿನಲ್ಲಿ ನಿಂತರೆ ಇಡೀ ಮೈಭಾರ ಒಂದು ಅಂಗಾಲಿನಷ್ಟು ಜಾಗದ ಮೇಲೆ ಬೀಳುತ್ತದೆ. ಮೆತ್ತನೆಯ ಹಿಮ ಅದನ್ನು ತಡೆಯುವುದಿಲ್ಲ. ಕಾಲು ಮೊಣಕಾಲಿನವರೆಗೆ, ಕೆಲವೊಮ್ಮೆ ತೊಡೆಯವರೆಗೂ ಹೂತುಹೋಗುತ್ತದೆ. ಸ್ನೋಶೂ ಕಟ್ಟಿಕೊಂಡರೆ ಅದೇ ಭಾರ ಮೂರ್ನಾಲ್ಕು ಪಟ್ಟು ದೊಡ್ಡ ಜಾಗಕ್ಕೆ ಹಂಚಿಹೋಗುತ್ತದೆ. ಹಾಗಂತ ಹಿಮದ ಮೇಲೆ ತೇಲಿಕೊಂಡು ಹೋಗುತ್ತೇವೆ ಅಂದುಕೊಳ್ಳಬೇಡಿ. ರಾತ್ರಿಯಷ್ಟೇ ಬಿದ್ದ ಪುಡಿ ಹಿಮದಲ್ಲಿ ಸ್ನೋಶೂ ಕೂಡ ಒಂದು ಗೇಣು ಇಳಿಯುತ್ತದೆ.

ಇದನ್ನು ಮೊದಲೇ ಹೇಳಲು ಕಾರಣ ಇದೆ. ಸ್ನೋಶೂ ಬಗೆಹರಿಸುವುದು ಹೂತುಹೋಗುವ ತೊಂದರೆ ಒಂದನ್ನೇ. ಚಳಿ, ಗಾಳಿ, ಬೇಗ ಮುಳುಗುವ ಹೊತ್ತು, ಮೇಲಿನಿಂದ ಜಾರಿ ಬರುವ ಹಿಮ, ಇವಕ್ಕೆಲ್ಲ ಅದರ ಹತ್ತಿರ ಉತ್ತರ ಇಲ್ಲ. ನಡಿಗೆ ಸಲೀಸಾಗುವುದರಿಂದ ಹೋಗಬಾರದ ಕಡೆಗೂ ಕಾಲು ಎಳೆಯುತ್ತದೆ. ಅದೇ ಇದರ ನಿಜವಾದ ಅಪಾಯ.

ಇದೇನು ಹೊಸ ಫ್ಯಾಷನ್ನಾ?

ಅಲ್ಲವೇ ಅಲ್ಲ. ಇಟಲಿಯ ದಕ್ಷಿಣ ಟಿರೋಲ್‌ನ ಗುರ್ಗ್ಲರ್ ಐಸ್‌ಯೋಖ್ ಹಿಮನದಿಯಲ್ಲಿ, 3,100 ಮೀಟರ್‌ಗೂ ಎತ್ತರದಲ್ಲಿ, 2003ರಲ್ಲಿ ಒಂದು ಸ್ನೋಶೂ ಸಿಕ್ಕಿತು. ಬರ್ಚ್ ಮರದ ಕೊಂಬೆಯನ್ನು ದುಂಡಗೆ ಬಗ್ಗಿಸಿ ಹುರಿ ಕಟ್ಟಿ ಮಾಡಿದ್ದು. ಕ್ರಿಸ್ತಪೂರ್ವ 3800ರಿಂದ 3700ರ ನಡುವಿನದು ಅಂತ ಕಾಲ ಗೊತ್ತುಮಾಡಿದ್ದಾರೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಆಶ್ ಮರದ ಚೌಕಟ್ಟಿಗೆ ಹಸಿ ಚರ್ಮದ ಪಟ್ಟಿ ಹೆಣೆದು ಬಗೆಬಗೆಯ ಆಕಾರದಲ್ಲಿ ಮಾಡಿಕೊಳ್ಳುತ್ತಿದ್ದರು. ಬಯಲಿಗೆ ಉದ್ದ ಬಾಲದ್ದು, ಕಾಡಿಗೆ ಗಿಡ್ಡ ದುಂಡನೆಯದು. ಜಪಾನಿನಲ್ಲಿ ಇದೇ ಬಗೆಯದಕ್ಕೆ ಕಂಜಿಕಿ ಎನ್ನುತ್ತಾರೆ. ಈಗಿನವು ಅಲ್ಯೂಮಿನಿಯಂ ಅಥವಾ ಗಟ್ಟಿ ಪ್ಲಾಸ್ಟಿಕ್‌ನವು.

ಎಷ್ಟು ಹಿಮ ಇದ್ದರೆ ಸ್ನೋಶೂ ಬೇಕು?

ಒಂದು ಅಂದಾಜಿಗೆ, ಗಟ್ಟಿಯಾಗದ ಹಿಮ 15ರಿಂದ 20 ಸೆಂಟಿಮೀಟರ್ ದಾಟಿದರೆ. ಕಾಲು ಕಣಕಾಲಿನ ಮೇಲೆ ಹೂತರೆ ಇನ್ನು ಯೋಚನೆ ಬೇಡ, ಕಟ್ಟಿಕೊಳ್ಳಿ.

ಜನ ನಡೆದು ನಡೆದು ಗಟ್ಟಿಯಾದ ದಾರಿಯಾದರೆ ಬೂಟಿಗೆ ಹಾಕುವ ಸಣ್ಣ ಮುಳ್ಳಿನ ಸರಪಳಿ, ಅಂದರೆ ಮೈಕ್ರೋಸ್ಪೈಕ್ ಸಾಕು. ಕಡಿದಾದ ಮಂಜುಗಡ್ಡೆ ಬಂದರೆ ಅದು ಕ್ರಾಂಪಾನ್ (ಬೂಟಿಗೆ ಕಟ್ಟುವ ಉದ್ದ ಉಕ್ಕಿನ ಮುಳ್ಳುಗಳ ಚೌಕಟ್ಟು) ಮತ್ತು ಮಂಜುಗಡ್ಡೆಗೆ ಊರುವ ಕೊಡಲಿ ಐಸ್ ಆಕ್ಸ್‌ನ ಜಾಗ. ಅಲ್ಲಿ ಸ್ನೋಶೂ ನಂಬಿಕೊಂಡು ಹೋಗುವುದು ದಡ್ಡತನ. ಒಂದೇ ದಿನದ ಹತ್ತುವಿಕೆಯಲ್ಲಿ ಕೆಳಗೆ ಸ್ಪೈಕ್, ನಡುವೆ ಸ್ನೋಶೂ, ಮೇಲೆ ಕ್ರಾಂಪಾನ್ ಬೇಕಾಗುವುದೂ ಇದೆ.

ಇನ್ನೊಂದು ಮಾತು. ಬರೀ ಬೂಟಿನಲ್ಲಿ ಹೂತು ಹೂತು ನಡೆದರೆ ದಾರಿ ತುಂಬ ಗುಂಡಿ ಬೀಳುತ್ತದೆ. ರಾತ್ರಿ ಅವು ಹೆಪ್ಪುಗಟ್ಟಿದರೆ ಮರುದಿನ ಬರುವವರ ಕಾಲು ಮುರಿಯಲು ಅಷ್ಟೇ ಸಾಕು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಡಿರಾಂಡ್ಯಾಕ್ ಹೈ ಪೀಕ್ಸ್‌ನಲ್ಲಿ 8 ಇಂಚು ಅಥವಾ ಅದಕ್ಕಿಂತ ಜಾಸ್ತಿ ಹಿಮ ಇದ್ದರೆ ಸ್ನೋಶೂ ಇಲ್ಲವೇ ಸ್ಕೀ ಕಡ್ಡಾಯ ಎಂದು ನಿಯಮವೇ ಇದೆ.

ಯಾವ ಅಳತೆಯದು ತೆಗೆದುಕೊಳ್ಳಲಿ?

ಕಾಲಿನ ಅಳತೆ ನೋಡಿ ಅಲ್ಲ, ತೂಕ ನೋಡಿ. ಅದೂ ಬೆನ್ನಿನ ಚೀಲ, ಬೂಟು, ನೀರು ಎಲ್ಲ ಸೇರಿದ ತೂಕ. ಸಾಮಾನ್ಯವಾಗಿ 22 ಇಂಚಿನದು 80 ಕೆ.ಜಿ.ವರೆಗೆ, 25 ಇಂಚಿನದು 100 ಕೆ.ಜಿ.ವರೆಗೆ, 30 ಇಂಚಿನದು ಅದಕ್ಕೂ ಮೇಲೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚು ಕಡಿಮೆ ಇರುತ್ತದೆ, ಪೆಟ್ಟಿಗೆಯ ಮೇಲಿನ ಪಟ್ಟಿ ನೋಡಿ.

ಎರಡು ಅಳತೆಗಳ ನಡುವೆ ತೂಗಾಡುತ್ತಿದ್ದರೆ ಬೆಟ್ಟಕ್ಕೆ ಚಿಕ್ಕದೇ ವಾಸಿ ಅಂತ ನನ್ನ ಅಭಿಪ್ರಾಯ. ದೊಡ್ಡದು ಕಡಿಮೆ ಹೂಳುತ್ತದೆ ನಿಜ. ಆದರೆ ಮರಗಳ ನಡುವೆ, ತಿರುವುಗಳಲ್ಲಿ, ಕಡಿದಾದ ಕಡೆ ಅದನ್ನು ಎತ್ತಿಡುವುದೇ ಒಂದು ಕೆಲಸ. ಕಾಲಿಗೆ ಕಟ್ಟಿದ ಒಂದೊಂದು ನೂರು ಗ್ರಾಂ ಕೂಡ ಸಾವಿರಾರು ಸಲ ಮೇಲೆತ್ತಬೇಕು, ಅಲ್ವಾ?

ಬಯಲಿನ ಸ್ನೋಶೂನಲ್ಲೇ ಬೆಟ್ಟ ಹತ್ತಬಹುದಾ?

ತಿರುಗಿಸಿ ಅಡಿಭಾಗ ನೋಡಿ. ಬೆರಳಿನ ಜಾಗದಲ್ಲಿ ಒಂದಿಷ್ಟು ಗಿಡ್ಡ ಹಲ್ಲು ಬಿಟ್ಟರೆ ಏನೂ ಇಲ್ಲ ಅಂದರೆ ಅದು ಪಾರ್ಕಿನಲ್ಲಿ ಓಡಾಡಲು ಮಾಡಿದ್ದು. ಬೆಟ್ಟದ್ದಾದರೆ ಮುಂಗಾಲಿನ ಕೆಳಗೆ ಉದ್ದನೆಯ ಉಕ್ಕಿನ ಹಲ್ಲು, ಹಿಮ್ಮಡಿಯ ಕೆಳಗೆ ಇನ್ನೊಂದು ಸಾಲು, ಎರಡೂ ಬದಿಗೆ ಉದ್ದಕ್ಕೂ ಗರಗಸದಂಥ ಪಟ್ಟಿ ಇರುತ್ತದೆ. ಇಳಿಜಾರನ್ನು ಅಡ್ಡಲಾಗಿ ದಾಟುವಾಗ ಜಾರದಂತೆ ಹಿಡಿಯುವುದು ಈ ಬದಿಯ ಪಟ್ಟಿಯೇ. ಅದಿಲ್ಲದ ಸ್ನೋಶೂ ಬೆಟ್ಟಕ್ಕೆ ಬೇಡ.

ಬೂಟಿಗೆ ಕಟ್ಟುವುದು ಹೇಗೆ?

ಗಟ್ಟಿ ಅಟ್ಟೆಯ, ನೀರು ನುಗ್ಗದ ಟ್ರೆಕ್ಕಿಂಗ್ ಬೂಟು ಸಾಕು, ಬೇರೆ ಬೂಟು ಬೇಕಿಲ್ಲ. ಮೇಲಿಂದ ಬೂಟು, ಕಣಕಾಲು ಮುಚ್ಚುವ ಹೊದಿಕೆ, ಅಂದರೆ ಗೇಟರ್ ಹಾಕಿ, ಇಲ್ಲದಿದ್ದರೆ ಬೂಟಿನ ಬಾಯಿಂದ ಹಿಮ ಒಳಗಿಳಿಯುತ್ತದೆ.

ಕಟ್ಟುವಾಗ ಗಮನಿಸಬೇಕಾದದ್ದು ಒಂದೇ: ಪಾದದ ಉಬ್ಬು, ಅಂದರೆ ಬೆರಳುಗಳ ಬುಡ, ಸರಿಯಾಗಿ ಕೀಲಿನ ಮೇಲೆ ಬರಬೇಕು. ಆ ಕೀಲಿನ ಸುತ್ತಲೇ ಬೈಂಡಿಂಗ್, ಅಂದರೆ ಬೂಟನ್ನು ಹಿಡಿದಿಡುವ ಪಟ್ಟಿಗಳ ಜೋಡಣೆ, ತೂಗುತ್ತದೆ. ಹಿಮ್ಮಡಿ ಎತ್ತಿದಾಗ ಬೆರಳು ಕೆಳಗೆ ಒತ್ತುತ್ತದೆ, ಮುಂದಿನ ಹಲ್ಲು ಹಿಮಕ್ಕೆ ಇಳಿಯುತ್ತದೆ. ಬೂಟು ಜಾಸ್ತಿ ಮುಂದೆ ಹೋದರೆ ಅದರ ತುದಿ ಚೌಕಟ್ಟಿಗೆ ತಾಗಿ ಕೀಲು ತಿರುಗುವುದೇ ಇಲ್ಲ. ಹಿಂದೆ ಉಳಿದರೆ ಹಲ್ಲಿನ ಮೇಲೆ ಭಾರ ಬೀಳುವುದಿಲ್ಲ. ಮೊದಲು ಮುಂದಿನ ಪಟ್ಟಿ ಬಿಗಿದು, ಹಿಮ್ಮಡಿಯದು ಆಮೇಲೆ ಹಾಕಿ. ಬಕಲ್ ಹೊರಬದಿಗೆ ಬರಲಿ. ಒಳಬದಿಗಿದ್ದರೆ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ.

ಹತ್ತು ನಿಮಿಷ ನಡೆದ ಮೇಲೆ ನಿಂತು ಮತ್ತೆ ಬಿಗಿಯಿರಿ. ಪಟ್ಟಿ ಸಡಿಲಾಗಿಯೇ ಇರುತ್ತದೆ. ಆದರೆ ಬೆರಳು ಮರಗಟ್ಟುವಷ್ಟು ಬಿಗಿಯಬೇಡಿ, ರಕ್ತ ಓಡದ ಕಾಲು ಬೇಗ ಹೆಪ್ಪುಗಟ್ಟುತ್ತದೆ.

ನಡೆಯುವುದಕ್ಕೂ ಕಲಿಯಬೇಕಾ?

ಹತ್ತು ಹದಿನೈದು ನಿಮಿಷ ಸಾಕು. ಕಾಲು ಸ್ವಲ್ಪ ಅಗಲಿಸಿ ನಡೆಯಿರಿ. ಹಿಂದಕ್ಕೆ ಮಾತ್ರ ಹೆಜ್ಜೆ ಇಡಬೇಡಿ. ಸ್ನೋಶೂವಿನ ಬಾಲ ಕೆಳಕ್ಕೆ ಜೋತು ಹಿಮಕ್ಕೆ ಚುಚ್ಚಿಕೊಂಡು, ಉಟ್ಟ ಪಂಚೆಯ ಅಂಚನ್ನು ತಾನೇ ತುಳಿದ ಹಾಗೆ ದಬಕ್ಕನೆ ಕೂರುತ್ತೀರಿ. ತಿರುಗಬೇಕಾದರೆ ಸಣ್ಣ ಸಣ್ಣ ಹೆಜ್ಜೆ ಇಟ್ಟು ಸುತ್ತಿ ತಿರುಗಿ.

ಕಡಿದಾದ ಏರು ಬಂದರೆ?

ಹಿಮ್ಮಡಿಯ ಕೆಳಗೆ ಮಡಚಿಟ್ಟ ಒಂದು ತಂತಿ ಅಥವಾ ಕಂಬಿ ಇರುತ್ತದೆ. ಅದೇ ಹೀಲ್ ಲಿಫ್ಟರ್. ಕೈಯಲ್ಲಿ ಊರಿಕೊಂಡು ನಡೆಯುವ ಕೋಲು, ಅಂದರೆ ಪೋಲ್‌ನ ಹಿಡಿಯಿಂದ ಅದನ್ನು ಮೇಲೆತ್ತಿ ನಿಲ್ಲಿಸಿದರೆ ಹಿಮ್ಮಡಿ ಅದರ ಮೇಲೆ ಕೂರುತ್ತದೆ. ಕಡಿದಾದ ಏರಿನಲ್ಲೂ ಪಾದ ಹೆಚ್ಚುಕಡಿಮೆ ಮಟ್ಟಸವಾಗಿಯೇ ಇರುತ್ತದೆ, ಮೀನಖಂಡಕ್ಕೆ ಬೀಳುವ ಎಳೆತ ಅರ್ಧಕ್ಕರ್ಧ ತಗ್ಗಿದಂತೆ ಅನಿಸುತ್ತದೆ. ಉದ್ದನೆಯ ಏರಿನಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಸಮತಟ್ಟು ಬಂದ ತಕ್ಷಣ ಇಳಿಸಿಬಿಡಿ.

ಹಿಮ ಮೆತ್ತಗಿದ್ದರೆ ಬೂಟಿನ ತುದಿಯಿಂದ ಒದ್ದು ಮೆಟ್ಟಿಲು ಮಾಡಿ, ಅದು ಗಟ್ಟಿಯಾಗಲು ಒಂದು ಕ್ಷಣ ಬಿಟ್ಟು ಭಾರ ಹಾಕಿ. ಮೇಲ್ಪದರ ಗಟ್ಟಿ ಇದ್ದರೆ ಒದೆಯುವುದು ದಂಡ. ಅಡಿಭಾಗ ಪೂರ್ತಿ ಊರಿ, ಅಷ್ಟೂ ಹಲ್ಲು ಕಚ್ಚುವಂತೆ ಹೆಜ್ಜೆ ಇಡಿ. ಕಾಲನ್ನು ಹೊರಕ್ಕೆ ತಿರುಗಿಸಿ ವಿ ಆಕಾರದಲ್ಲಿ ಹತ್ತುವುದು ಸಣ್ಣ ದಿಬ್ಬಕ್ಕೆ ಚೆನ್ನ. ಇಳಿಜಾರನ್ನು ಅಡ್ಡ ದಾಟುವುದು ಸ್ನೋಶೂಗೆ ಆಗಿಬರುವುದಿಲ್ಲ, ಕಣಕಾಲು ಒಂದೇ ಸಮ ಹೊರಳುತ್ತದೆ. ಆದಷ್ಟೂ ನೇರ ಮೇಲಕ್ಕೆ ಹೋಗುವ ದಾರಿ ಹುಡುಕಿ.

ಇಳಿಯುವುದು ಸುಲಭ ಅಲ್ವಾ?

ಬಹಳ ಜನ ಬೀಳುವುದೇ ಇಳಿಯುವಾಗ. ಹೆದರಿ ಹಿಂದಕ್ಕೆ ವಾಲುತ್ತಾರೆ, ಹಲ್ಲು ಹಿಮದಿಂದ ಬಿಡುತ್ತದೆ, ಜಾರುತ್ತಾರೆ. ಮಂಡಿ ಸ್ವಲ್ಪ ಬಗ್ಗಿಸಿ, ಭಾರ ಪಾದದ ನೇರಕ್ಕೆ ಇರಲಿ, ಹಿಮ್ಮಡಿ ಒತ್ತಿ ಊರಿ. ಹೀಲ್ ಲಿಫ್ಟರ್ ಇಳಿಸಿದ್ದೀರಾ ನೋಡಿಕೊಳ್ಳಿ. ಕುಂಡಿಯ ಮೇಲೆ ಕೂತು ಜಾರಿಕೊಂಡು ಹೋಗೋಣ ಅಂತ ಆಸೆಯಾದರೆ ಮೊದಲು ಸ್ನೋಶೂ ಬಿಚ್ಚಿ. ಅದರ ಹಲ್ಲು ಎಲ್ಲಾದರೂ ಸಿಕ್ಕಿಕೊಂಡರೆ ಮೈ ಮುಂದೆ ಹೋಗುತ್ತದೆ, ಮಂಡಿ ಹಿಂದೆ ಉಳಿಯುತ್ತದೆ.

ಪೋಲ್ ಬೇಕೇ ಬೇಕಾ?

ಬೇಕು. ತುದಿಯಲ್ಲಿ ಪೋಲ್ ಹಿಮದಲ್ಲಿ ಹೂತುಹೋಗದಂತೆ ತಡೆಯುವ ಅಗಲವಾದ ಬಿಲ್ಲೆ, ಅಂದರೆ ಹಿಮದ ಬಾಸ್ಕೆಟ್ ಇರಲಿ.

ಮುಂದೆ ದಾರಿ ಮಾಡುವವರಿಗೇ ಯಾಕೆ ಅಷ್ಟು ಸುಸ್ತು?

ಹೊಸ ಹಿಮ ಒತ್ತಿ ದಾರಿ ಮಾಡುವ ಕೆಲಸ ಪೂರ್ತಿ ಮೊದಲನೆಯವರ ಮೇಲೆ ಬೀಳುತ್ತದೆ. ಹಿಂದಿನವರು ಗಟ್ಟಿಯಾದ ಹೆಜ್ಜೆಯಲ್ಲಿ ಸುಮ್ನೆ ನಡೆದು ಬರುತ್ತಾರೆ. ಆದ್ದರಿಂದ ಪಾಳಿ ಹಾಕಿಕೊಳ್ಳಿ. ಮುಂದಿದ್ದವರು ಬದಿಗೆ ಸರಿದು ಎಲ್ಲರನ್ನೂ ಬಿಟ್ಟು ಕೊನೆಗೆ ಸೇರಿಕೊಳ್ಳಲಿ. ಸುಸ್ತಾಗುವ ಮೊದಲೇ ಬದಲಾಗಬೇಕು. ಬೆವರು ಹರಿಯುವವರೆಗೆ ಹಟ ಹಿಡಿದು ಮುಂದೆ ನಡೆದವರು ಆಮೇಲೆ ಚಳಿಗೆ ನಡುಗುತ್ತಾ ಕೂರುತ್ತಾರೆ.

ಎಷ್ಟು ಹೊತ್ತು ಬೇಕಾಗುತ್ತದೆ?

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಒಂದು ಲೆಕ್ಕ ಕೊಟ್ಟರು. ಈಗಿನ ಅಳತೆಯಲ್ಲಿ ಹೇಳುವುದಾದರೆ, 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಬೇಸಿಗೆಯ ಒಣ ದಾರಿಗೆ ಅದು ಸರಿ. ಸ್ನೋಶೂನಲ್ಲಿ ಅದನ್ನು ಎರಡರಿಂದ ಗುಣಿಸಿ. ಹೋಗಿ ಬರಲು 8 ಕಿ.ಮೀ., 600 ಮೀಟರ್ ಏರು ಇರುವ ದಾರಿಗೆ ನೇಸ್ಮಿತ್ ಲೆಕ್ಕದಲ್ಲಿ ಎರಡೂವರೆ ಗಂಟೆ ಚಿಲ್ಲರೆ, ಹಿಮದಲ್ಲಿ ಐದು ಗಂಟೆ ಮೇಲೆ. ಹೊಸ ದಾರಿ ಮಾಡಬೇಕಿದ್ದರೆ ಅದೂ ಸಾಲದು.

ಚಳಿಗಾಲದ ಹಗಲು ಗಿಡ್ಡ. ಅದಕ್ಕೇ ಹೊರಡುವ ಮೊದಲೇ ವಾಪಸ್ ತಿರುಗುವ ಗಂಟೆ ಗೊತ್ತುಮಾಡಿಕೊಳ್ಳಿ. ತುದಿ ಕಣ್ಣೆದುರೇ ಇದ್ದರೂ ಆ ಗಂಟೆಗೆ ತಿರುಗಲೇಬೇಕು. ಹೆಡ್‌ಲ್ಯಾಂಪ್ ಯಾವಾಗಲೂ ಚೀಲದಲ್ಲಿರಲಿ.

ಎಷ್ಟು ಬಟ್ಟೆ ಹಾಕಿಕೊಳ್ಳಲಿ?

ಹೊಸಬರು ಹಾಕುವುದು ಕಡಿಮೆ ಅಲ್ಲ, ಜಾಸ್ತಿ. ಸ್ನೋಶೂ ನಡಿಗೆ ಮೈಯನ್ನು ಬೇಗ ಕಾಯಿಸುತ್ತದೆ. ಹೊರಡುವಾಗ ಸ್ವಲ್ಪ ಚಳಿ ಅನಿಸಬೇಕು, ಹತ್ತು ನಿಮಿಷದಲ್ಲಿ ಅದು ಹೋಗುತ್ತದೆ. ಬೆಚ್ಚಗೆ ಹೊರಟರೆ ಅರ್ಧ ಗಂಟೆಯಲ್ಲಿ ಒಳಬಟ್ಟೆ ತೊಯ್ದಿರುತ್ತದೆ. ನಿಂತ ಕೂಡಲೇ ಆ ಒದ್ದೆ ಮೈಯ ಬಿಸಿಯನ್ನು ಹೀರತೊಡಗುತ್ತದೆ.

ಮೈಗೆ ಅಂಟಿದಂತೆ ಉಣ್ಣೆ ಅಥವಾ ಸಿಂಥೆಟಿಕ್, ಅದರ ಮೇಲೆ ಫ್ಲೀಸ್, ಎಲ್ಲದರ ಮೇಲೆ ಗಾಳಿ ತಡೆಯುವ ಜಾಕೆಟ್. ಹತ್ತಿ ಬಟ್ಟೆ ಬೇಡವೇ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ನಿಂತಾಗ ಮೇಲೆ ಹಾಕಿಕೊಳ್ಳಲು ದಪ್ಪ ಜಾಕೆಟ್ ಚೀಲದ ಬಾಯಲ್ಲೇ ಇರಲಿ, ತಳದಲ್ಲಲ್ಲ. ಕೈಗವಸು ಎರಡು ಜೊತೆ.

ಕೆಳಗೆ ಹಿತವಾಗಿದೆ ಅಂತ ಮೇಲೂ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಸಾವಿರ ಮೀಟರ್ ಏರಿದರೆ ಉಷ್ಣತೆ 6.5 ಡಿಗ್ರಿಯಷ್ಟು ಇಳಿಯುತ್ತದೆ. ಗಾಳಿ ಬೇರೆ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿ.ಮೀ. ಗಾಳಿ ಬೀಸಿದರೆ ಬರಿ ಚರ್ಮಕ್ಕೆ ಅದು ಮೈನಸ್ 20ರಷ್ಟು ಕೊರೆಯುತ್ತದೆ.

ನೀರು ಗಡ್ಡೆ ಕಟ್ಟದಂತೆ ಏನು ಮಾಡಬೇಕು? ಹಿಮ ತಿಂದರೆ ಆಗದಾ?

ಅಗಲ ಬಾಯಿಯ ಬಾಟಲಿಯಲ್ಲಿ ಬಿಸಿ ನೀರು ತುಂಬಿ, ಉಣ್ಣೆ ಕಾಲುಚೀಲದಲ್ಲಿ ಸುತ್ತಿ, ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಬಾಯಿಯ ಕಡೆ ತೆರೆದೇ ಇರುತ್ತದೆ. ಮುಚ್ಚಳ ಭದ್ರ ಇರಬೇಕು ಅಂತ ಬೇರೆ ಹೇಳಬೇಕಿಲ್ಲ. ಪೈಪಿನ ನೀರಿನ ಚೀಲ ನನಗೆ ಹಿಡಿಸುವುದಿಲ್ಲ, ಮೊದಲು ಹೆಪ್ಪುಗಟ್ಟುವುದೇ ಆ ಪೈಪು.

ಹಿಮ ತಿಂದರೆ ಅದನ್ನು ಕರಗಿಸುವ ಶಾಖ ನಿಮ್ಮ ಮೈಯಿಂದಲೇ ಹೋಗಬೇಕು. ಬಾಯಾರಿಕೆ ಅಷ್ಟಾಗಿ ತೀರುವುದೂ ಇಲ್ಲ. ಊಟಕ್ಕೆ ಅಂತ ಕೂರಬೇಡಿ. ನಿಂತಲ್ಲೇ ಸ್ವಲ್ಪ ಸ್ವಲ್ಪ ತಿನ್ನಿ, ಕಲ್ಲಿನ ಹಾಗಾಗುವ ತಿಂಡಿಯನ್ನು ಒಳಜೇಬಿನಲ್ಲಿಡಿ.

ಹಿಮಕುಸಿತದ ಭಯ ಸ್ಕೀ ಮಾಡುವವರಿಗೆ ಮಾತ್ರ ಅಲ್ವಾ?

ಅಲ್ಲ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಹಿಮದ ಹಾಳೆ ಕಳಚಿ ಬರುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಸ್ನೋಶೂನಲ್ಲಿ ಹತ್ತಲು ಬರುವ ಕಡಿದಾದ ಏರುಗಳೂ ಅಲ್ಲೇ ಇವೆ. ಇಳಿಜಾರನ್ನು ಕಣ್ಣಂದಾಜಿನಲ್ಲಿ ಹೇಳಲು ಹೋಗಬೇಡಿ. ಫೋನಿನಲ್ಲಿ ಕೋನ ಅಳೆಯುವ ಆಪ್ ಇದೆ, ಪೋಲನ್ನು ಹಿಮದ ಮೇಲೆ ಮಲಗಿಸಿ ಅದರ ಮೇಲೆ ಫೋನ್ ಇಟ್ಟು ನೋಡಿ. ಇನ್ನೊಂದು ತಪ್ಪು ತಿಳಿವಳಿಕೆ, ನಾನು ನಡೆಯುವ ದಾರಿ ಮಟ್ಟಸ, ಹಾಗಾಗಿ ಕ್ಷೇಮ ಅನ್ನುವುದು. ನಿಮ್ಮ ದಾರಿ ಮಟ್ಟಸವಾಗಿದ್ದರೂ ತಲೆಯ ಮೇಲೆ ಏನಿದೆ? ಮೇಲಿಂದ ಬಂದದ್ದು ನಿಲ್ಲುವುದು ಆ ಮಟ್ಟಸ ಜಾಗದಲ್ಲೇ. ಕೆಳಗೆ ನಡೆದವರ ಭಾರಕ್ಕೇ ಮೇಲಿನ ಇಳಿಜಾರು ಕಳಚುವುದೂ ಇದೆ.

ಹಿಮಬೆಟ್ಟಗಳಿರುವ ಹಲವು ದೇಶಗಳಲ್ಲಿ ಚಳಿಗಾಲದುದ್ದಕ್ಕೂ ಹಿಮಕುಸಿತದ ಮುನ್ಸೂಚನೆ ಬರುತ್ತದೆ, 1ರಿಂದ 5ರವರೆಗಿನ ಅಂಕದಲ್ಲಿ. ಐದರಲ್ಲಿ ಮೂರು ಅಂದರೆ ನಡುವಿನದು, ಪರವಾಗಿಲ್ಲ ಅಂತ ಓದಿಕೊಳ್ಳಬೇಡಿ. ಬಹಳ ಸಾವು ಆಗುವುದು ಆ 3ರ ದಿನವೇ. 4, 5ರ ದಿನ ಜನ ಮನೆಯಲ್ಲೇ ಉಳಿಯುತ್ತಾರೆ. 3ರ ದಿನ ಬಿಸಿಲು ಚೆನ್ನಾಗಿರುತ್ತದೆ, ಹೊಸ ಹಿಮ ಕರೆಯುತ್ತದೆ.

ಅಲ್ಲಿಗೆ ಹೋದ ಮೇಲೆ ಬೆಟ್ಟವೇ ಹೇಳುವ ಸೂಚನೆಗಳಿವೆ. ಹತ್ತಿರದ ಇಳಿಜಾರಿನಲ್ಲಿ ಆಗಲೇ ಕುಸಿದ ಗುರುತು. ಕಳೆದ ಒಂದೆರಡು ದಿನದಲ್ಲಿ ಬಿದ್ದ ಭಾರಿ ಹಿಮ. ಗಾಳಿ ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಸುರಿದ ರಾಶಿ. ತಟಕ್ಕನೆ ಏರಿದ ಬಿಸಿಲು. ಹೆಜ್ಜೆ ಇಟ್ಟಾಗ ಸ್ನೋಶೂ ಮುಂದೆ ಸರ್ರನೆ ಓಡುವ ಬಿರುಕು. ಎಲ್ಲಕ್ಕಿಂತ ಮುಖ್ಯ, ಕಾಲಡಿ ಕೇಳುವ 'ಧಪ್' ಎಂಬ ಮಂದ ಸದ್ದು. ಅದರ ಜೊತೆಗೆ ನೀವು ನಿಂತ ಹಿಮ ಒಂದು ಕೂದಲೆಳೆಯಷ್ಟು ಕುಸಿದಂತೆ ಅನಿಸುತ್ತದೆ. ಒಳಗಿನ ದುರ್ಬಲ ಪದರ ಮುರಿದ ಸದ್ದು ಅದು. ಆಮೇಲೆ ಚರ್ಚೆ ಬೇಡ, ಕಡಿದಾದ ಇಳಿಜಾರುಗಳಿಂದ ದೂರ ಬಂದುಬಿಡಿ.

ಅಂಥ ಜಾಗಕ್ಕೆ ಹೋಗುವುದಾದರೆ ಪ್ರತಿಯೊಬ್ಬರ ಬಳಿಯೂ 457 ಕಿಲೋಹರ್ಟ್ಸ್‌ನ ಬೀಕನ್ (ಹೂತವರನ್ನು ಹುಡುಕುವ ರೇಡಿಯೋ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ನೋಡುವ ಉದ್ದ ಕಡ್ಡಿ), ಸಲಿಕೆ ಮೂರೂ ಇರಬೇಕು. ಬಳಸಲು ಕಲಿತಿರಲೂಬೇಕು. ಹತ್ತು ನಿಮಿಷದೊಳಗೆ ಹೊರತೆಗೆದರೆ ಹೂತವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಹೆಚ್ಚಿನವರು ಉಳಿಯುವುದಿಲ್ಲ. ಅಂದರೆ ಬದುಕಿಸುವುದು ಜೊತೆಯಲ್ಲಿದ್ದವರು, ಕೆಳಗಿನಿಂದ ಬರುವ ರಕ್ಷಣಾ ತಂಡ ಅಲ್ಲ. ಸ್ನೋಶೂನವರಿಗೆ ಸ್ಕೀಯವರಂತೆ ಜಾರಿ ತಪ್ಪಿಸಿಕೊಳ್ಳುವ ಅವಕಾಶವೂ ಇಲ್ಲ. ಹಾಗಾಗಿ ಅನುಮಾನ ಇರುವ ಕಡೆ ದಾಟಲೇಬೇಕಿದ್ದರೆ ಒಬ್ಬೊಬ್ಬರಾಗಿ ದಾಟಿ, ಉಳಿದವರು ಕ್ಷೇಮವಾದ ಕಡೆ ನಿಂತು ಕಣ್ಣಿಟ್ಟಿರಲಿ. ತರಬೇತಿ ಇಲ್ಲದಿದ್ದರೆ ಕಾಡಿನ ನಡುವಿನ, ಕಡಿದಲ್ಲದ ದಾರಿಗಳೇ ಸಾಕು. ಅಲ್ಲಿ ಮಜಾ ಏನೂ ಕಡಿಮೆ ಇಲ್ಲ.

ಹಿಮಕುಸಿತ ಬಿಟ್ಟು ಬೇರೆ ಏನಕ್ಕೆ ಹುಷಾರಾಗಿರಬೇಕು?

ಪೈನ್, ಫರ್‌ನಂಥ ಸೂಜಿ ಎಲೆಯ ಕೋನಿಫರ್ ಮರಗಳ ಬುಡ. ರೆಂಬೆಗಳು ಹಿಮವನ್ನು ತಡೆದು ಕೆಳಗೆ ಟೊಳ್ಳು ಉಳಿದಿರುತ್ತದೆ. ಹತ್ತಿರ ಹೋದವರು ಒಳಗೆ ಕುಸಿಯುತ್ತಾರೆ, ಸ್ನೋಶೂ ರೆಂಬೆಗೆ ಸಿಕ್ಕಿಕೊಂಡರೆ ಒಬ್ಬರೇ ಹೊರಬರುವುದು ಕಷ್ಟ.

ಬೆಟ್ಟದ ಏಣಿನಲ್ಲಿ ಗಾಳಿ ಕಟ್ಟಿದ ಹಿಮದ ಸೂರು ಇರುತ್ತದೆ. ಮೇಲೆ ನಿಂತವರಿಗೆ ಅದು ನೆಲದಂತೆಯೇ ಕಾಣುತ್ತದೆ, ಕೆಳಗೆ ಏನೂ ಇರುವುದಿಲ್ಲ. ಮುರಿದರೆ ನಾವಂದುಕೊಂಡದ್ದಕ್ಕಿಂತ ತುಂಬ ಹಿಂದಿನಿಂದ ಮುರಿಯುತ್ತದೆ. ಅಂಚಿನ ಫೋಟೋ ಬೇಡ.

ಹಿಮ ಮುಚ್ಚಿದ ಕೆರೆಯನ್ನು ಸುತ್ತಿ ಹೋಗಿ. ಹಿಮದ ಹೊದಿಕೆ ಅಡಿಯ ಮಂಜುಗಡ್ಡೆ ದಪ್ಪವಾಗಲು ಬಿಡುವುದಿಲ್ಲ, ತೆಳುವಿರುವ ಕಡೆಯನ್ನೂ ಮರೆಮಾಡುತ್ತದೆ.

ಚಳಿಯಲ್ಲಿ ಸನ್‌ಸ್ಕ್ರೀನ್ ಯಾಕೆ?

ಹೊಸ ಹಿಮ ನೇರಳಾತೀತ ಕಿರಣವನ್ನು 80 ಪ್ರತಿಶತದವರೆಗೆ ವಾಪಸ್ ಎಸೆಯುತ್ತದೆ, ಮೇಲಕ್ಕೆ ಹೋದಂತೆ ಅದರ ತೀವ್ರತೆಯೂ ಹೆಚ್ಚುತ್ತದೆ. ಮೂಗಿನ ಕೆಳಗೆ, ಗದ್ದದ ಅಡಿಗೆ, ಕಿವಿಯ ಹಿಂದೆ ಹಚ್ಚಿ. ಬದಿಯಿಂದ ಬೆಳಕು ನುಗ್ಗದ ಕಪ್ಪು ಕನ್ನಡಕ ಹಾಕಿ, ಮೋಡ ಇದ್ದರೂ. ಕಣ್ಣು ಸುಟ್ಟದ್ದು ಆಗಲೇ ಗೊತ್ತಾಗುವುದಿಲ್ಲ. ಗಂಟೆಗಳ ನಂತರ, ರಾತ್ರಿ ಹೊತ್ತಿಗೆ, ಮರಳು ಸುರಿದಂಥ ಉರಿ ಶುರುವಾಗುತ್ತದೆ.

ಯಾರಿಗಾದರೂ ಚಳಿ ಹತ್ತಿದೆ ಅಂತ ಹೇಗೆ ತಿಳಿಯುವುದು?

ಅವರನ್ನೇ ಕೇಳಿದರೆ "ನಾನು ಚೆನ್ನಾಗಿದ್ದೀನಿ" ಅನ್ನುತ್ತಾರೆ. ಮಾತು ತೊದಲುತ್ತಿದೆಯಾ, ಕಾಲು ತಡವರಿಸುತ್ತಿದೆಯಾ, ಜಿಪ್ ಎಳೆಯಲು ಬೆರಳು ಬಗ್ಗುತ್ತಿಲ್ಲವಾ, ಸುಮ್ಮಸುಮ್ಮನೆ ಸಿಡುಕುತ್ತಿದ್ದಾರಾ ನೋಡಿ. ಇವುಗಳಲ್ಲಿ ಯಾವುದಾದರೂ ಕಂಡರೆ ಅಲ್ಲೇ ನಿಲ್ಲಿಸಿ, ಒಣ ಬಟ್ಟೆ ಹಾಕಿ, ಬಿಸಿ ಸಿಹಿ ಏನಾದರೂ ಕುಡಿಸಿ, ಕೆಳಗಿಳಿಸಿ. ನಡುಕ ನಿಂತರೂ ಗಲಿಬಿಲಿ ಹಾಗೇ ಇದ್ದರೆ ಪರಿಸ್ಥಿತಿ ಬಿಗಡಾಯಿಸಿದೆ ಎಂದರ್ಥ. ಆಗ ನಡೆಸಬೇಡಿ, ಕುಡಿಸಲೂ ಬೇಡಿ. ಮಲಗಿಸಿ, ಸುತ್ತಿ ಬೆಚ್ಚಗಿಟ್ಟು ಸಹಾಯಕ್ಕೆ ಕರೆ ಮಾಡಿ.

ಕೆನ್ನೆ, ಮೂಗು, ಬೆರಳು ಬೆಳ್ಳಗೆ ಮೇಣದಂತಾಗಿ ಸ್ಪರ್ಶ ಹೋಗಿದ್ದರೆ ಅದು ಹೆಪ್ಪುಗಟ್ಟುತ್ತಿದೆ. ತಿಕ್ಕಬೇಡಿ, ಹಿಮವನ್ನಂತೂ ಹಚ್ಚಲೇಬೇಡಿ. ಶುರುವಿನಲ್ಲೇ ಕಂಡರೆ ಕಂಕುಳ ಬಿಸಿ ಸಾಕು. ಆಳವಾಗಿ ಹೆಪ್ಪುಗಟ್ಟಿದ್ದರೆ 37ರಿಂದ 39 ಡಿಗ್ರಿ ನೀರಿನಲ್ಲಿ ಕರಗಿಸಬೇಕು. ಅದೂ ಮತ್ತೆ ಹೆಪ್ಪುಗಟ್ಟುವುದಿಲ್ಲ ಎಂಬ ಖಾತ್ರಿ ಇದ್ದರೆ ಮಾತ್ರ. ಕರಗಿ ಮತ್ತೆ ಹೆಪ್ಪುಗಟ್ಟಿದರೆ ಹಾನಿ ಇನ್ನೂ ಜಾಸ್ತಿ.

ಫೋನಿನ ಮ್ಯಾಪ್ ಸಾಕಲ್ವಾ?

ಚಳಿಗೆ ಬ್ಯಾಟರಿ 40 ಪ್ರತಿಶತ ತೋರಿಸುತ್ತಲೇ ಆಫ್ ಆಗಬಹುದು. ಒಳಜೇಬಿನಲ್ಲಿ ಮೈಗೆ ತಾಗಿದಂತೆ ಇಡಿ. ಕಾಗದದ ನಕ್ಷೆ, ದಿಕ್ಸೂಚಿ ಜೊತೆಗಿರಲಿ. ಬಂದ ಹೆಜ್ಜೆ ಹಿಡಿದು ವಾಪಸ್ ಹೋಗೋಣ ಅನ್ನುವ ಲೆಕ್ಕ ಗಾಳಿ ಎದ್ದರೆ ನಡೆಯುವುದಿಲ್ಲ, ಸ್ವಲ್ಪ ಹೊತ್ತಿನಲ್ಲೇ ಹೆಜ್ಜೆ ಮುಚ್ಚಿಹೋಗುತ್ತದೆ.

ಸ್ಕೀಯವರು ಮಾಡಿದ ದಾರಿಯಲ್ಲಿ ನಡೆಯಬಹುದಾ?

ಬೇಡ. ಪಕ್ಕದಲ್ಲಿ ನಿಮ್ಮದೇ ದಾರಿ ಮಾಡಿ. ಸ್ಕೀಯ ನುಣುಪು ಗೀರನ್ನು ಸ್ನೋಶೂ ಒಂದೇ ಸಲಕ್ಕೆ ಕೆಡಿಸುತ್ತದೆ.

ಅಡಿಗೆ ಹಿಮದ ಉಂಡೆ ಅಂಟಿಕೊಳ್ಳುತ್ತದಲ್ಲ?

ಮಧ್ಯಾಹ್ನದ ಒದ್ದೆ ಹಿಮದಲ್ಲಿ ಅದು ಇದ್ದದ್ದೇ. ಹಲ್ಲಿನ ನಡುವೆ ಉಂಡೆ ಕಟ್ಟಿದರೆ ಹಿಡಿತ ಹೋಗುತ್ತದೆ, ಪೋಲಿನಿಂದ ಚೌಕಟ್ಟಿಗೆ ತಟ್ಟಿ ಉದುರಿಸಿ. ಹೊರಡುವ ಮುಂಚೆ ಹಲ್ಲಿಗೆ ಸಿಲಿಕೋನ್ ಸ್ಪ್ರೇ ಹೊಡೆದರೆ ಸ್ವಲ್ಪ ಕಡಿಮೆಯಾಗುತ್ತದೆ.

ನಡುದಾರಿಯಲ್ಲಿ ಬೈಂಡಿಂಗ್ ಮುರಿದರೆ?

ನಾಲ್ಕಾರು ಜಿಪ್ ಟೈ, ಒಂದೆರಡು ಉದ್ದನೆಯ ರಬ್ಬರ್ ಪಟ್ಟಿ, ಪೋಲಿಗೆ ಸುತ್ತಿಟ್ಟ ಡಕ್ಟ್ ಟೇಪ್, ಇಷ್ಟಿದ್ದರೆ ಕೆಳಗಿಳಿಯುವಷ್ಟು ಕಟ್ಟಿಕೊಳ್ಳಬಹುದು. ಕೀಲಿನ ಪಿನ್ನೇ ಹೋದರೆ ಮುಂಗಾಲನ್ನು ಚೌಕಟ್ಟಿಗೆ ಪಟ್ಟಿಯಿಂದ ಬಿಗಿದು, ಹಿಮ್ಮಡಿ ಸಡಿಲ ಬಿಟ್ಟು, ನಿಧಾನಕ್ಕೆ ಇಳಿಯಿರಿ. ಮನೆಗೆ ಬಂದ ಮೇಲೆ ಒರೆಸಿ ಒಣಗಿಸಿ. ಉಕ್ಕಿನ ಹಲ್ಲು ಒದ್ದೆಯಾಗಿಯೇ ಚೀಲದಲ್ಲಿ ಉಳಿದರೆ ತುಕ್ಕು ಹಿಡಿಯುತ್ತದೆ. ರಿವೆಟ್ ಸಡಿಲಾಗಿದೆಯಾ ಅಂತ ಆಗಲೇ ನೋಡಿಬಿಡಿ. ಮುಂದಿನ ಸಲ ಹೊರಡುವ ಬೆಳಿಗ್ಗೆ ನೋಡಿದರೆ ಸರಿಮಾಡಲು ಹೊತ್ತಿರುವುದಿಲ್ಲ.